ಮಗಳ ಮೊಣಕಾಲು ನೋವು: ಆಟ ಬಿಡಿಸುವ ಮುನ್ನ

ಶಾಲೆಗಳು ಆರಂಭವಾಗಿ ಮಳೆ ಹಿಡಿದ ಕೆಲವೇ ವಾರಗಳಲ್ಲಿ ಮಕ್ಕಳ ಕ್ರೀಡಾಕೂಟಗಳ ಗಡಿಬಿಡಿಯೂ ಶುರುವಾಗುತ್ತದೆ. ವಲಯ ಮಟ್ಟದಲ್ಲಿ ಗೆದ್ದ ತಂಡ ತಾಲೂಕಿಗೆ, ಅಲ್ಲಿಂದ ಜಿಲ್ಲೆಗೆ, ನಂತರ ವಿಭಾಗಕ್ಕೆ, ಕೊನೆಗೆ ರಾಜ್ಯ ಮಟ್ಟಕ್ಕೆ ಹೋಗುತ್ತದೆ. ಬೇಸಿಗೆ ರಜೆಯಲ್ಲಿ ಮನೆಯೊಳಗೆ ಕುಳಿತಿದ್ದ ಮಕ್ಕಳು ಒಮ್ಮೆಲೇ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಓಡತೊಡಗುತ್ತಾರೆ. ಕಾಲು ನೋವಿನ ದೂರು ಮನೆಗೆ ಬರುವುದು ಈ ದಿನಗಳಲ್ಲೇ.

ಹುಮನಾಬಾದಿನ ಸಹೋದರಿಯೊಬ್ಬರು ಬರೆದ ಪತ್ರ ನನ್ನ ಮುಂದಿದೆ. ಅವರ ಮಗಳಿಗೆ ಹನ್ನೆರಡೂವರೆ ವರ್ಷ. ಏಳನೇ ತರಗತಿಯಲ್ಲಿದ್ದಾಳೆ, ಶಾಲೆಯ ಖೋ ಖೋ ತಂಡದಲ್ಲಿ ಆಡುತ್ತಾಳೆ. ನಾಲ್ಕು ತಿಂಗಳಿಂದ ಬಲ ಮೊಣಕಾಲಿನ ಕೆಳಗೆ ನೋವು. ಮೊಣಕಾಲು ಚಿಪ್ಪಿನಿಂದ ಎರಡು ಬೆರಳು ಕೆಳಗೆ ಒಂದು ಸಣ್ಣ ಗಂಟು ಎದ್ದಿದೆ, ಮುಟ್ಟಿದರೆ ನೋಯುತ್ತದೆ. ಮೆಟ್ಟಿಲು ಹತ್ತುವಾಗ, ಓಡಿ ಬಂದ ಮೇಲೆ, ನಮಾಝಿನಲ್ಲಿ ಸುಜೂದ್‌ಗೆ ಹೋಗುವಾಗ ನೋವು ಹೆಚ್ಚು. ಅವಳ ದಾದಿ, "ಹೆಣ್ಣುಹುಡುಗಿಗೆ ಈ ಆಟ ಯಾಕೆ ಬೇಕು, ಬಿಡಿಸಿಬಿಡು" ಎನ್ನುತ್ತಾರೆ. ಶಾಲೆಯ ದೈಹಿಕ ಶಿಕ್ಷಕರು, "ಆಡ್ತಾ ಆಡ್ತಾ ಸರಿಹೋಗುತ್ತೆ" ಎನ್ನುತ್ತಾರೆ. ಮೆಡಿಕಲ್‌ನವರು ಒಂದು ಮಾತ್ರೆ ಕೊಟ್ಟರು, ಅದನ್ನು ತಿಂದ ದಿನ ನೋವಿಲ್ಲ, ಮರುದಿನ ಮತ್ತೆ ಅದೇ ಕಥೆ.

ಆದರೆ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಈ ನೋವಿನ ವಿವರವಲ್ಲ. ಕೊನೆಯಲ್ಲಿ ಅವರು ಬರೆದ ಒಂದು ಮಾತು. ನಾಲ್ಕು ತಿಂಗಳಲ್ಲಿ ಮೂರು ತಿಂಗಳು ಮಗಳು ಈ ನೋವನ್ನು ಮನೆಯಲ್ಲಿ ಹೇಳಿಯೇ ಇರಲಿಲ್ಲವಂತೆ. ಹೇಳಿದರೆ ಆಟ ಬಿಡಿಸುತ್ತಾರೆ ಎಂದು ಅವಳಿಗೆ ಹೆದರಿಕೆ. ಒಂದು ದಿನ ಕುಂಟುತ್ತಾ ಮನೆಗೆ ಬಂದಾಗಲೇ ತಾಯಿಗೆ ತಿಳಿದದ್ದು.

ಸಹೋದರಿಯರೇ, ಇಂದು ಈ ವಿಷಯವನ್ನೇ ಮಾತಾಡೋಣ. ಬೆಳೆಯುವ ಮಕ್ಕಳ ಮೊಣಕಾಲು ನೋವಿನಲ್ಲಿ ಬಹುಪಾಲು ಅಪಾಯದ್ದಲ್ಲ, ಆಟ ಬಿಡಿಸದೆಯೇ ಸರಿಪಡಿಸಬಹುದಾದದ್ದು. ಆದರೆ ಕೆಲವೇ ಕೆಲವು ನೋವುಗಳು ಒಂದು ವಾರವೂ ಕಾಯಬಾರದಂಥವು. ಯಾವುದು ಯಾವುದೆಂದು ಗುರುತಿಸಲು ಮೊದಲು ಮಗು ಬಾಯಿಬಿಟ್ಟು ಹೇಳಬೇಕು. ಹೇಳಿದ ತಕ್ಷಣ ಆಟ ಕಸಿದುಕೊಳ್ಳುವ ಮನೆಯಲ್ಲಿ ಯಾವ ಮಗಳೂ ಹೇಳುವುದಿಲ್ಲ.

ಮೊಣಕಾಲಿನಲ್ಲಿ ಆಗುತ್ತಿರುವುದೇನು?

ಪತ್ರದ ವಿವರಗಳನ್ನು ನೋಡಿದರೆ ಇದು ಆಸ್‌ಗುಡ್-ಶ್ಲಾಟರ್ ಎಂಬ ತೊಂದರೆಯಂತೆ ಕಾಣುತ್ತದೆ. ಖಚಿತವಾಗಿ ಹೇಳಬೇಕಾದವರು ಕಾಲನ್ನು ಮುಟ್ಟಿ ನೋಡಿದ ವೈದ್ಯರೇ. ಹೆಸರು ಕೇಳಿ ಗಾಬರಿಯಾಗಬೇಡಿ. 1903ರಲ್ಲಿ ಅಮೆರಿಕಾದ ಬೋಸ್ಟನ್ನಿನ ಆಸ್‌ಗುಡ್ ಮತ್ತು ಸ್ವಿಟ್ಜರ್ಲೆಂಡಿನ ಝೂರಿಕ್‌ನ ಶ್ಲಾಟರ್ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಇದನ್ನು ವಿವರಿಸಿದ್ದರಿಂದ ಈ ಹೆಸರು ಬಂತು. ರೋಗ ಎನ್ನುವುದಕ್ಕಿಂತ ಬೆಳವಣಿಗೆಯ ಕಾಲದ ಒಂದು ತೊಂದರೆ ಎನ್ನುವುದು ಸರಿ.

ತೊಡೆಯ ಮುಂಭಾಗದಲ್ಲಿ ದೊಡ್ಡ ಸ್ನಾಯು ಇದೆ. ಅದು ಮೊಣಕಾಲು ಚಿಪ್ಪನ್ನು ಹಿಡಿದುಕೊಂಡು, ಗಟ್ಟಿಯಾದ ಹುರಿಯಂತಾಗಿ ಕೆಳಗಿನ ಕಾಲೆಲುಬಿನ ಮುಂಭಾಗಕ್ಕೆ ಅಂಟಿಕೊಳ್ಳುತ್ತದೆ. ಕಾಲನ್ನು ನೇರ ಮಾಡುವುದು, ಕುಳಿತಲ್ಲಿಂದ ಏಳುವುದು, ಜಿಗಿಯುವುದು ಎಲ್ಲವೂ ಈ ಹುರಿಯ ಎಳೆತದಿಂದಲೇ ನಡೆಯುತ್ತದೆ. ದೊಡ್ಡವರಲ್ಲಿ ಹುರಿ ಅಂಟಿಕೊಂಡ ಜಾಗ ಗಟ್ಟಿ ಎಲುಬು. ಬೆಳೆಯುವ ಮಕ್ಕಳಲ್ಲಿ ಆ ಜಾಗ ಇನ್ನೂ ಮೆತ್ತಗಿನ ಮೃದ್ವಸ್ಥಿ. ಗೋಡೆಯ ಗಾರೆ ಒಣಗುವ ಮೊದಲೇ ಮೊಳೆ ಹೊಡೆದು, ಅದಕ್ಕೆ ಹಗ್ಗ ಕಟ್ಟಿ ದಿನಕ್ಕೆ ನೂರು ಸಲ ಎಳೆದರೆ ಏನಾಗುತ್ತದೆ? ಮೊಳೆಯ ಸುತ್ತ ಗಾರೆ ಸಡಿಲವಾಗುತ್ತದೆ. ಇಲ್ಲಿ ಆಗುವುದೂ ಹೆಚ್ಚುಕಡಿಮೆ ಅದೇ. ಆ ಜಾಗ ಊದಿಕೊಂಡು ನೋಯುತ್ತದೆ, ದೇಹ ಅಲ್ಲಿ ಹೊಸ ಎಲುಬು ಕಟ್ಟುತ್ತದೆ, ಗಂಟು ಏಳುತ್ತದೆ.

ಇದಕ್ಕೆ ಒಂದು ವಯಸ್ಸಿದೆ. ಮಕ್ಕಳು ಒಮ್ಮೆಲೇ ಎತ್ತರವಾಗುವ ಕಾಲದಲ್ಲಿ ಎಲುಬು ಬೇಗ ಉದ್ದವಾಗುತ್ತದೆ, ಸ್ನಾಯು ಹಿಂದೆ ಉಳಿದು ಬಿಗಿಯಾಗುತ್ತದೆ. ಹುಡುಗಿಯರಲ್ಲಿ ಇದು ಮುಟ್ಟು ಆರಂಭವಾಗುವ ಹಿಂದಿನ ಒಂದೆರಡು ವರ್ಷ. ಹಾಗಾಗಿ ಈ ನೋವು ಹುಡುಗಿಯರಲ್ಲಿ ಸಾಮಾನ್ಯವಾಗಿ 9ರಿಂದ 13ರೊಳಗೆ, ಹುಡುಗರಲ್ಲಿ 12ರಿಂದ 15ರೊಳಗೆ ಕಾಣಿಸುತ್ತದೆ. ಆರು ತಿಂಗಳ ಹಿಂದೆ ಹೊಲಿಸಿದ ಯೂನಿಫಾರ್ಮ್ ಗಿಡ್ಡವಾಯಿತು, ಚಪ್ಪಲಿ ಬಿಗಿಯಾಯಿತು ಎಂದರೆ ಆ ಕಾಲ ಬಂದಿದೆ ಎಂದೇ ಅರ್ಥ. ಅದನ್ನು ಮೊದಲು ಗಮನಿಸುವವಳು ತಾಯಿ. ಆ ತಿಂಗಳುಗಳಲ್ಲಿ ಆಟದ ತಾಲೀಮನ್ನು ಒಮ್ಮೆಲೇ ಏರಿಸಬಾರದು.

ಎಲುಬು ಬೆಳೆದು ಗಟ್ಟಿಯಾದ ಮೇಲೆ ಬಹಳಷ್ಟು ಮಕ್ಕಳಲ್ಲಿ ನೋವು ತಾನಾಗಿ ಹೋಗುತ್ತದೆ. ಅದಕ್ಕೆ ಒಂದೆರಡು ವರ್ಷ ಬೇಕಾಗಬಹುದು, ಕೆಲವರಿಗೆ ಇನ್ನೂ ಹೆಚ್ಚು. ಗಂಟು ಮಾತ್ರ ಜೀವನಪೂರ್ತಿ ಉಳಿಯಬಹುದು, ಅದರಿಂದ ತೊಂದರೆಯಿಲ್ಲ.

ಭಾರದ ಲೆಕ್ಕ ಎಲ್ಲಿಂದ ಹಿಡಿಯಬೇಕು?

ಈ ನೋವಿನ ಮೂಲ, ಬೆಳೆಯುವ ಎಲುಬು ತಡೆದುಕೊಳ್ಳುವುದಕ್ಕಿಂತ ಹೆಚ್ಚು ಎಳೆತ. ಹಾಗಾದರೆ ಎಳೆತ ಎಲ್ಲೆಲ್ಲಿಂದ ಬರುತ್ತದೆ ಎಂದು ಲೆಕ್ಕ ಹಾಕಬೇಕು.

ಮೊದಲನೆಯದು ಆಟ. ಖೋ ಖೋದಲ್ಲಿ ಬೆನ್ನಟ್ಟುವ ತಂಡದ ಎಂಟು ಮಂದಿ ಸಾಲಾಗಿ ಮೊಣಕಾಲು ಮಡಚಿ ಕುಳಿತಿರುತ್ತಾರೆ. ಬೆನ್ನಿಗೆ "ಖೋ" ಬಿದ್ದ ಕ್ಷಣವೇ ಚಿಮ್ಮಿ ಎದ್ದು ಓಡಬೇಕು. ಕುಳಿತಲ್ಲಿಂದ ಒಮ್ಮೆಲೇ ಏಳುವ ಆ ಚಿಮ್ಮುವಿಕೆ, ಓಟದ ನಡುವೆ ಗಕ್ಕನೆ ನಿಂತು ತಿರುಗುವುದು, ಕಂಬದ ಬಳಿ ಹಾರಿ ಬೀಳುವುದು, ಮೂರೂ ಮೊಣಕಾಲಿನ ಕೆಳಗಿನ ಆ ಮೆತ್ತಗಿನ ಜಾಗವನ್ನೇ ಎಳೆಯುತ್ತವೆ. ಕಬಡ್ಡಿ, ವಾಲಿಬಾಲ್, ಉದ್ದ ಜಿಗಿತಗಳಲ್ಲಿಯೂ ಹೀಗೆಯೇ. ಮೈದಾನದ ನೆಲ ಬಿಸಿಲಿಗೆ ಒಣಗಿ ಕಲ್ಲಾಗಿದ್ದರೆ, ಕಾಲಿಗೆ ಸವೆದ ಶೂ ಇದ್ದರೆ ಅಥವಾ ಶೂ ಇಲ್ಲದಿದ್ದರೆ ಪೆಟ್ಟು ಇನ್ನೂ ಹೆಚ್ಚು.

ಎರಡನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಮನೆಗೆಲಸ. ಕುಕ್ಕುರುಗಾಲಲ್ಲಿ ಕುಳಿತು ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಬಗ್ಗಿ ಕಸ ಗುಡಿಸುವುದು, ನೀರಿನ ಕೊಡ ಎತ್ತಿ ಮೆಟ್ಟಿಲು ಹತ್ತುವುದು. ಅದೇ ವಯಸ್ಸಿನ ಅಣ್ಣನೋ ತಮ್ಮನೋ ಆಟ ಮುಗಿಸಿ ಬಂದು ಕಾಲು ಚಾಚಿ ಕೂರುತ್ತಾನೆ. ಮಗಳು ಆಟ ಮುಗಿಸಿ ಬಂದು ಪಾತ್ರೆಯ ಮುಂದೆ ಮೊಣಕಾಲು ಮಡಚಿ ಕೂರುತ್ತಾಳೆ. ನೋವು ಬಂದಾಗ ಮಾತ್ರ ಆಟದ ಮೇಲೆ ಗೂಬೆ ಕೂರಿಸುತ್ತೇವೆ. ನೋವಿರುವ ಕೆಲವು ವಾರ ಕುಕ್ಕುರುಗಾಲ ಕೆಲಸಗಳನ್ನು ಅವಳಿಂದ ತಪ್ಪಿಸಿ. ಮಗ ಪಾತ್ರೆ ತೊಳೆದರೆ ಅವನ ಗೌರವವೇನೂ ಕಡಿಮೆಯಾಗದು. ಅವಳು ನಿಂತು ಮಾಡುವ ಕೆಲಸ, ಎತ್ತರದ ಸ್ಟೂಲಿನ ಮೇಲೆ ಕುಳಿತು ತರಕಾರಿ ಹೆಚ್ಚುವ ಕೆಲಸ ಮಾಡಲಿ.

ಮೂರನೆಯದು ನಮಾಝ್. ಇದನ್ನು ಪತ್ರ ಬರೆದ ಸಹೋದರಿಯೇ ಕೇಳಿದ್ದಾರೆ. ದಿನದ ಐದು ಹೊತ್ತಿನ ಫರ್ಝ್ ನಮಾಝ್‌ಗಳಲ್ಲಿ 17 ರಕಅತ್, ಅಂದರೆ 34 ಸುಜೂದ್. ಸುನ್ನತ್‌ಗಳು ಬೇರೆ. ಸುಜೂದ್‌ನಲ್ಲಿ ದೇಹದ ಭಾರ ಮೊಣಕಾಲಿನ ಆ ಗಂಟಿನ ಮೇಲೆಯೇ ಬರುವುದರಿಂದ ನೋವಾಗುವುದು ಸಹಜ. ಇದಕ್ಕೆ ಪರಿಹಾರ ಸುಲಭ. ಜಾನಮಾಝಿನ ಕೆಳಗೆ ಮೊಣಕಾಲು ತಾಗುವಲ್ಲಿ ಕಂಬಳಿಯನ್ನೋ ದಪ್ಪ ರಜಾಯಿಯನ್ನೋ ನಾಲ್ಕು ಮಡಿಕೆ ಮಾಡಿ ಹಾಸಿ. ಕೈಗಳ ಆಸರೆಯಿಂದ ನಿಧಾನವಾಗಿ ಇಳಿಯಲು, ಏಳಲು ಹೇಳಿ. ಬಹಳಷ್ಟು ಮಕ್ಕಳಿಗೆ ಇಷ್ಟೇ ಸಾಕು. ಅದರಲ್ಲೂ ತಾಳಲಾರದ ನೋವಿದ್ದರೆ ನಿಲ್ಲಲಾಗದವರು ಕುಳಿತು, ಕೂರಲಾಗದವರು ಮಲಗಿ ನಮಾಝ್ ಮಾಡಬಹುದೆಂಬ ರಿಯಾಯಿತಿಯನ್ನು ಧರ್ಮವೇ ಕೊಟ್ಟಿದೆ. ಕೆಲವು ದಿನ ಕುರ್ಚಿಯಲ್ಲಿ ಹೇಗೆ ನಿರ್ವಹಿಸಬೇಕೆಂದು ನಿಮ್ಮೂರಿನ ಆಲಿಮರಲ್ಲಿ ಕೇಳಿ ತಿಳಿಯಿರಿ. ನೋವನ್ನು ಅದುಮಿಕೊಂಡು ಮಾಡಬೇಕೆಂದು ಮಗುವಿಗೆ ಹೇಳಬೇಡಿ.

ಹನ್ನೆರಡು ವಾರಗಳ ತಾಳ್ಮೆ

2020ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಇದೇ ತೊಂದರೆಯಿದ್ದ 10ರಿಂದ 14 ವರ್ಷದ 51 ಮಕ್ಕಳು ಅದರಲ್ಲಿದ್ದರು, ಸುಮಾರು ಅರ್ಧದಷ್ಟು ಹುಡುಗಿಯರು. ಅವರಿಗೆ ಕೊಟ್ಟ ಚಿಕಿತ್ಸೆ ಎರಡೇ. ಮೊದಲು ಓಟ, ಜಿಗಿತ ಕಡಿಮೆ ಮಾಡಿ ಕಾಲಿಗೆ ಬೀಳುವ ಭಾರವನ್ನು ಇಳಿಸುವುದು. ನಂತರ ತೊಡೆಯ ಸ್ನಾಯು ಬಲಗೊಳಿಸುವ ವ್ಯಾಯಾಮವನ್ನು ಹಂತ ಹಂತವಾಗಿ ಏರಿಸುವುದು. 12 ವಾರಗಳಲ್ಲಿ ಸುಮಾರು ಶೇ. 80ರಷ್ಟು ಮಕ್ಕಳು, ಒಂದು ವರ್ಷದಲ್ಲಿ ಶೇ. 90ರಷ್ಟು ಮಕ್ಕಳು ಚೆನ್ನಾಗಿ ಸುಧಾರಿಸಿದರು. ಆದರೆ ಇನ್ನೊಂದು ಸಂಖ್ಯೆಯನ್ನೂ ತಾಯಂದಿರು ತಿಳಿಯಬೇಕು. 12 ವಾರಕ್ಕೆ ಮೊದಲಿನಂತೆ ಪೂರ್ತಿ ಆಟಕ್ಕೆ ಮರಳಿದವರು ಆರರಲ್ಲಿ ಒಬ್ಬರು ಮಾತ್ರ. ಒಂದು ವರ್ಷದ ಹೊತ್ತಿಗೆ ಮೂರರಲ್ಲಿ ಇಬ್ಬರು ಮರಳಿದ್ದರು. ಅಂದರೆ ನೋವು ಬೇಗ ಇಳಿಯುತ್ತದೆ, ಆಟಕ್ಕೆ ಮರಳಲು ತಾಳ್ಮೆ ಬೇಕು. ಹತ್ತು ದಿನ ಮನೆಯಲ್ಲಿ ಕೂರಿಸಿ, ಹನ್ನೊಂದನೇ ದಿನ ನೇರ ಪಂದ್ಯಕ್ಕೆ ಕಳಿಸಿದರೆ ನೋವು ಮರಳಿ ಬರುವುದು ಇದಕ್ಕೇ.

ಮನೆಯಲ್ಲಿ ಹೀಗೆ ಮಾಡಬಹುದು.

ಮೊದಲ ನಾಲ್ಕು ವಾರ ಓಟ ಮತ್ತು ಜಿಗಿತಕ್ಕೆ ಬಿಡುವು ಕೊಡಿ. ಮಗು ಮೈದಾನಕ್ಕೆ ಹೋಗಲಿ, ತಂಡದ ಜೊತೆಗಿರಲಿ, ಅಂಕ ಬರೆಯಲಿ, ಹತ್ತಿರದಿಂದ ಆಟ ನೋಡಿ ಕಲಿಯಲಿ. ನಡಿಗೆ ಮತ್ತು ನೋವಾಗದಿದ್ದರೆ ಸೈಕಲ್ ನಡೆಯುತ್ತದೆ. ಈ ಅವಧಿಯಲ್ಲಿ ಎರಡು ವ್ಯಾಯಾಮ. ಒಂದು, ಕಾಲು ಚಾಚಿ ಕುಳಿತು ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ನೆಲಕ್ಕೆ ಒತ್ತಿ ಹತ್ತು ಎಣಿಸುವುದು, ಮತ್ತೆ ಸಡಿಲ ಬಿಡುವುದು. ಹೀಗೆ ಹತ್ತು ಸಲ. ಎರಡು, ಬೆನ್ನ ಮೇಲೆ ಮಲಗಿ ಮೊಣಕಾಲು ಮಡಚಿ, ಪಾದ ನೆಲಕ್ಕೆ ಊರಿ ಸೊಂಟವನ್ನು ಮೇಲೆತ್ತಿ ಹಿಡಿಯುವುದು. ಇದೂ ಹತ್ತು ಸಲ.

ನಂತರದ ವಾರಗಳಲ್ಲಿ ಗೋಡೆಗೆ ಬೆನ್ನು ಆನಿಸಿ ಸ್ವಲ್ಪ ಮೊಣಕಾಲು ಮಡಚಿ ನಿಲ್ಲುವುದು, ಒಂದು ಕಾಲು ಮುಂದಿಟ್ಟು ಬಗ್ಗುವುದು, ನಂತರ ನಿಧಾನ ಓಟ. ತಿರುಗುವುದು, ಚಿಮ್ಮುವುದು ಕೊನೆಯ ಹಂತ. ಹತ್ತಿರದಲ್ಲಿ ಫಿಸಿಯೋಥೆರಪಿ ತಿಳಿದವರಿದ್ದರೆ ಒಮ್ಮೆ ಅವರ ಮುಂದೆ ಮಾಡಿಸಿ ಸರಿಯಾಗಿ ಕಲಿಸಿಕೊಳ್ಳಿ.

ಎಷ್ಟು ಮಾಡಬಹುದು ಎಂಬುದಕ್ಕೆ ಅಳತೆಗೋಲು ಮಗುವಿನ ಮಾತೇ. ನೋವೇ ಇಲ್ಲದಿದ್ದರೆ ಸೊನ್ನೆ, ತಾಳಲಾರದ ನೋವಾದರೆ ಹತ್ತು. ಎರಡರವರೆಗೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಾದರೆ ಅಂದಿನ ತಾಲೀಮು ಅಲ್ಲಿಗೆ ನಿಲ್ಲಲಿ. ಮರುದಿನ ಬೆಳಗ್ಗೆ ಏಳುವಾಗಲೂ ನೋವು ಉಳಿದಿದ್ದರೆ ಹಿಂದಿನ ದಿನ ಮಾಡಿದ್ದು ಹೆಚ್ಚಾಯಿತು ಎಂದರ್ಥ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ದಿನಾಂಕ, ಮಾಡಿದ ಆಟ, ನೋವಿನ ಅಂಕ, ಈ ಮೂರನ್ನು ಮಗಳೇ ಬರೆಯಲಿ. ಎರಡು ವಾರದಲ್ಲಿ ಯಾವುದರಿಂದ ನೋವು ಹೆಚ್ಚುತ್ತದೆ ಎಂದು ಆ ಪುಟವೇ ಹೇಳುತ್ತದೆ.

ಆಟವಾಡಿ ಬಂದ ಮೇಲೆ ನೋವಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸನ್ನು 10ರಿಂದ 15 ನಿಮಿಷ ಇಡಿ. ಐಸ್ ಇಲ್ಲದಿದ್ದರೆ ಮಡಕೆಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಾದರೂ ಆದೀತು.

ಇವನ್ನು ಮಾಡಬೇಡಿ

ಗಂಟನ್ನು ಎಣ್ಣೆ ಹಚ್ಚಿ ಬಲವಾಗಿ ತಿಕ್ಕಬೇಡಿ. ಅದು ಕೂತುಹೋಗುವ ಗಂಟಲ್ಲ, ತಿಕ್ಕಿದಷ್ಟೂ ಕೆರಳುತ್ತದೆ. ಎಲುಬು ಕೂಡಿಸುವವರು, ಪೈಲ್ವಾನರು ಎಂದು ಕರೆದೊಯ್ದು ಕಾಲು ಎಳೆಸುವುದು, ಬಿಗಿಯಾದ ಪಟ್ಟಿ ಕಟ್ಟಿಸುವುದು ಬೇಡ. ಈ ಕಾಯಿಲೆಗೆ ಎಳೆತವೇ ಕಾರಣವಾಗಿರುವಾಗ ಮತ್ತಷ್ಟು ಎಳೆದರೆ ವಾಸಿಯಾಗುವುದು ಹೇಗೆ? ಗಂಟಿನ ಜಾಗಕ್ಕೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡಿಸಬೇಡಿ, ಅದು ಹುರಿಯನ್ನೇ ದುರ್ಬಲಗೊಳಿಸಬಹುದು.

ನೋವಿನ ಮಾತ್ರೆಯ ಬಗ್ಗೆ ಎರಡು ಮಾತು. ವೈದ್ಯರು ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿ ಕೊಡುವುದು ಬೇರೆ. ಪಂದ್ಯಕ್ಕೆ ಮೊದಲು ಮಾತ್ರೆ ನುಂಗಿಸಿ ಆಡಿಸುವುದು ಬೇರೆ. ನೋವು ಎಂಬುದು ಮನೆಯ ಕಾವಲುಗಾರ. ಅವನ ಬಾಯಿ ಕಟ್ಟಿದರೆ ಕಳ್ಳ ಓಡಿಹೋಗುವುದಿಲ್ಲ. ಮೆಡಿಕಲ್‌ನಲ್ಲಿ ಕೇಳಿ ತಂದ ಮಾತ್ರೆಗಳನ್ನು ವಾರಗಟ್ಟಲೆ ಕೊಟ್ಟರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ತೊಂದರೆ.

ಎಲ್ಲ ನೋವೂ ಒಂದೇ ಅಲ್ಲ

ಹದಿನಾಲ್ಕು, ಹದಿನೈದು ದಾಟಿದ ಹುಡುಗಿಯರಲ್ಲಿ ಇನ್ನೊಂದು ಬಗೆಯ ನೋವು ಹೆಚ್ಚು. ಗಂಟು ಇರುವುದಿಲ್ಲ. ಮೊಣಕಾಲು ಚಿಪ್ಪಿನ ಹಿಂದೆ ಅಥವಾ ಸುತ್ತ ಮಂದವಾದ ನೋವು. ಮೆಟ್ಟಿಲು ಇಳಿಯುವಾಗ, ಬಹಳ ಹೊತ್ತು ಕಾಲು ಮಡಚಿ ಕುಳಿತು ಏಳುವಾಗ ಕಾಣಿಸುತ್ತದೆ. ಇಲ್ಲಿಯೂ ಮದ್ದು ವ್ಯಾಯಾಮವೇ, ತೊಡೆಯ ಜೊತೆಗೆ ಸೊಂಟದ ಸ್ನಾಯುಗಳನ್ನೂ ಬಲಗೊಳಿಸಬೇಕು. ಇದನ್ನು ಅಲಕ್ಷಿಸಿದರೆ ವರ್ಷಗಟ್ಟಲೆ ಕಾಡುತ್ತದೆ.

ಚಿಕ್ಕ ಮಕ್ಕಳ "ಬೆಳೆಯುವ ನೋವು" ಬೇರೆ. ಅದು ಎರಡೂ ಕಾಲುಗಳ ಮೀನಖಂಡ, ತೊಡೆಗಳಲ್ಲಿ ಸಂಜೆ ಅಥವಾ ರಾತ್ರಿ ಬಂದು, ಬೆಳಗಾಗುವಷ್ಟರಲ್ಲಿ ಮಾಯವಾಗುತ್ತದೆ. ಮಗು ಕುಂಟುವುದಿಲ್ಲ. ಒಂದೇ ಕಾಲಿನಲ್ಲಿ ಒಂದೇ ಜಾಗದಲ್ಲಿ ವಾರಗಟ್ಟಲೆ ಉಳಿದ ನೋವನ್ನು "ಬೆಳೆಯುವ ವಯಸ್ಸು" ಎಂದು ತಳ್ಳಿಹಾಕಬಾರದು.

ಕೆಳಗಿನ ಯಾವುದೇ ಲಕ್ಷಣ ಕಂಡರೆ ಮನೆಮದ್ದು, ವ್ಯಾಯಾಮ ಎಲ್ಲವನ್ನೂ ಬದಿಗಿಟ್ಟು ಬೇಗನೆ ವೈದ್ಯರ ಬಳಿ ಹೋಗಿ.

ಆಡದಿದ್ದರೂ ಇರುವ ನೋವು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ದಿನದಿಂದ ದಿನಕ್ಕೆ ದೊಡ್ಡದಾಗುವ ಊತ, ಕಾರಣವಿಲ್ಲದೆ ತೂಕ ಇಳಿಯುವುದು. ಅಪರೂಪಕ್ಕೆ ಎಲುಬಿನ ಕ್ಯಾನ್ಸರ್ ಹದಿಹರೆಯದಲ್ಲಿ ಬರುತ್ತದೆ, ಅದು ಹೆಚ್ಚಾಗಿ ಕಾಣಿಸುವುದು ಮೊಣಕಾಲಿನ ಸುತ್ತಲೇ. ತಿಂಗಳುಗಟ್ಟಲೆ ಎಣ್ಣೆ ತಿಕ್ಕುತ್ತಾ ಕುಳಿತರೆ ಅಮೂಲ್ಯ ಸಮಯ ಹೋಗುತ್ತದೆ.

ಜ್ವರದ ಜೊತೆ ಮೊಣಕಾಲು ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ ಕೀಲಿನಲ್ಲಿ ಸೋಂಕು ಇರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಆಟದಲ್ಲಿ ಕಾಲು ತಿರುಚಿ "ಟಪ್" ಎಂದ ಅನುಭವವಾಗಿ, ಕೆಲವೇ ಗಂಟೆಗಳಲ್ಲಿ ಮೊಣಕಾಲು ಊದಿದರೆ ಒಳಗಿನ ಕಟ್ಟು ಹರಿದಿರಬಹುದು. ನಡೆಯುವಾಗ ಮೊಣಕಾಲು ಕೈಕೊಟ್ಟಂತಾಗುವುದು, ಮಡಚಿದಲ್ಲೇ ಸಿಕ್ಕಿಹಾಕಿಕೊಳ್ಳುವುದು ಕೂಡ ತೋರಿಸಬೇಕಾದ ಲಕ್ಷಣ.

ಮಗು ಕುಂಟುತ್ತಿದೆ, ನೋವು ಮೊಣಕಾಲಿನಲ್ಲಿ ಎನ್ನುತ್ತದೆ, ಆದರೆ ಮೊಣಕಾಲು ನೋಡಲು ಸರಿಯಾಗಿಯೇ ಇದೆ ಎಂದರೆ ಸೊಂಟದ ಕೀಲನ್ನೂ ಪರೀಕ್ಷಿಸಲು ವೈದ್ಯರಿಗೆ ಹೇಳಿ. ಹದಿಹರೆಯದಲ್ಲಿ ಸೊಂಟದ ಕೀಲಿನ ಎಲುಬು ಜಾರಿದರೂ ನೋವು ಮೊಣಕಾಲಿನಲ್ಲಿ ಕಾಣಿಸಬಹುದು.

ಎಲ್ಲಿಗೆ ಹೋಗುವುದು? ಮೊದಲು ತಾಲೂಕು ಆಸ್ಪತ್ರೆ. ಬಸವಕಲ್ಯಾಣ, ಹುಮನಾಬಾದ್ ಎರಡೂ ಕಡೆ ಇದೆ. ಎಲುಬು-ಕೀಲು ತಜ್ಞರು ಬೇಕಾದರೆ ಬೀದರಿನಲ್ಲಿಯೂ ಕಲಬುರಗಿಯಲ್ಲಿಯೂ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. 2017ರಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ಪೂರ್ಣಗೊಂಡ ಮೇಲೆ ಹುಮನಾಬಾದಿನಿಂದ ರೈಲಿನಲ್ಲೂ ಹೋಗಬಹುದು. ಇನ್ನೊಂದು ದಾರಿಯೂ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಜಾರಿಯಲ್ಲಿದೆ. ಇದರ ವೈದ್ಯಕೀಯ ತಂಡ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬಂದು 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತದೆ. ತಂಡ ಶಾಲೆಗೆ ಬರುವ ದಿನವನ್ನು ಮುಖ್ಯೋಪಾಧ್ಯಾಯರಲ್ಲಿ ವಿಚಾರಿಸಿ, ಮಗಳು ಅಂದು ನಾಚಿಕೆಪಡದೆ ಕಾಲು ತೋರಿಸುವಂತೆ ಹೇಳಿಕೊಡಿ.

ಊಟ, ಬಿಸಿಲು, ಮೈ ಬಿಸಿ

ಬೆಳೆಯುವ ಎಲುಬಿಗೆ ಕ್ಯಾಲ್ಸಿಯಂ, ಪ್ರೊಟೀನ್ ಬೇಕು. ಜೋಳದ ರೊಟ್ಟಿಯ ಜೊತೆ ತೊಗರಿಬೇಳೆ, ಸೊಪ್ಪು, ಮೊಸರು, ಎಳ್ಳಿನ ಹಿಂಡಿ, ಮೊಟ್ಟೆ ಇದ್ದರೆ ಅದಕ್ಕಿಂತ ದುಬಾರಿ ಟಾನಿಕ್ ಬೇಕಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ವಾರಕ್ಕೆ ಎರಡು ದಿನವಾದರೂ ಅದರ ಗಂಜಿ ಮಾಡಿ ಕೊಡಿ. ಆಡುವ ಮಗಳು ಎಲ್ಲರ ಊಟ ಮುಗಿದ ಮೇಲೆ ಉಳಿದದ್ದನ್ನು ತಿನ್ನುವಂತಾಗಬಾರದು.

ಬಿಸಿಲಿಗೆ ಕೊರತೆಯಿಲ್ಲದ ನಮ್ಮ ನಾಡಿನಲ್ಲೂ ವಿಟಮಿನ್ ಡಿ ಕೊರತೆ ಸಾಮಾನ್ಯ, ಮೈಮುಚ್ಚಿ ಓಡಾಡುವ, ಹೆಚ್ಚು ಹೊತ್ತು ಮನೆಯೊಳಗಿರುವ ಹೆಣ್ಣುಮಕ್ಕಳಲ್ಲಿ ಇನ್ನೂ ಹೆಚ್ಚು. ಮಾಳಿಗೆಯ ಮೇಲೋ ಹಿತ್ತಿಲಲ್ಲೋ ಪರದೆಗೆ ತೊಂದರೆಯಾಗದಂತೆ ಕೈಕಾಲಿಗೆ ಬಿಸಿಲು ತಾಗುವ ಅವಕಾಶ ಮಾಡಿಕೊಡಿ. ಎರಡೂ ಕಾಲು, ಬೆನ್ನು ಎಲ್ಲ ಕಡೆ ನೋವು, ಸುಸ್ತು ಇದ್ದರೆ ವೈದ್ಯರು ರಕ್ತ ಪರೀಕ್ಷೆ ಬರೆಯುತ್ತಾರೆ. ಪರೀಕ್ಷೆಯಿಲ್ಲದೆ ಡಿ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿಸಬೇಡಿ. ಮುಟ್ಟು ಆರಂಭವಾಗಿದ್ದ ಹುಡುಗಿಗೆ ಕಠಿಣ ತಾಲೀಮಿನ ನಡುವೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಅದು ನಿಂತುಹೋದರೆ, ಆಹಾರ ಸಾಲುತ್ತಿಲ್ಲ ಎಂಬ ಸೂಚನೆಯಾಗಿರಬಹುದು. ಅದನ್ನೂ ವೈದ್ಯರಿಗೆ ಹೇಳಬೇಕು.

ಆಟಕ್ಕೆ ಮೊದಲು ಮೈ ಬಿಸಿ ಮಾಡಿಕೊಳ್ಳುವುದನ್ನು ನಮ್ಮ ಮೈದಾನಗಳಲ್ಲಿ ಎರಡು ಸುತ್ತು ಓಟದಲ್ಲಿ ಮುಗಿಸುತ್ತಾರೆ. 2008ರಲ್ಲಿ ನಾರ್ವೆಯಲ್ಲಿ ಫುಟ್‌ಬಾಲ್ ಆಡುವ 13ರಿಂದ 17 ವರ್ಷದ 1,892 ಹುಡುಗಿಯರ ಒಂದು ಅಧ್ಯಯನ ಪ್ರಕಟವಾಯಿತು. ಸುಮಾರು 20 ನಿಮಿಷಗಳ ಕ್ರಮಬದ್ಧ ವ್ಯಾಯಾಮ ಮಾಡಿದ ತಂಡಗಳಲ್ಲಿ ಗಾಯಗಳು ಮೂರನೇ ಒಂದು ಭಾಗದಷ್ಟು ಕಡಿಮೆಯಾದವು. ನಿಧಾನ ಓಟ, ಒಂಟಿ ಕಾಲಿನ ಮೇಲೆ ಸಮತೋಲನ, ತೊಡೆ-ಹೊಟ್ಟೆಯ ಸ್ನಾಯುಗಳ ವ್ಯಾಯಾಮ, ಜಿಗಿದು ಮೊಣಕಾಲು ಒಳಕ್ಕೆ ವಾಲದಂತೆ ಮೆತ್ತಗೆ ಇಳಿಯುವ ಅಭ್ಯಾಸ, ಇಷ್ಟೇ ಅದರಲ್ಲಿ ಇದ್ದದ್ದು. ಹಣ ಬೇಕಿಲ್ಲ, ಉಪಕರಣ ಬೇಕಿಲ್ಲ. ಮೊಣಕಾಲಿನೊಳಗಿನ ಕಟ್ಟು ಹರಿಯುವ ಅಪಾಯ ಅದೇ ಆಟ ಆಡುವ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಹಾಗಾಗಿ ಹುಡುಗಿಯರ ತಂಡಕ್ಕೆ ಇದು ಇನ್ನೂ ಮುಖ್ಯ.

ಬಿಡುವು ಬೇರೆ, ಬಿಡಿಸುವುದು ಬೇರೆ

ಹುಮನಾಬಾದ್ ಹೆದ್ದಾರಿಯಲ್ಲೇ ಸಿಗುವ ಹೈದರಾಬಾದಿನ ಸಾನಿಯಾ ಮಿರ್ಝಾರನ್ನು ನೆನಪಿಸಿಕೊಳ್ಳಿ. ಹದಿಹರೆಯದಲ್ಲೇ ದೊಡ್ಡ ಟೆನಿಸ್‌ಗೆ ಇಳಿದ ಅವರ ಮೊಣಕಾಲು, ಮಣಿಕಟ್ಟು ಎರಡೂ ಶಸ್ತ್ರಚಿಕಿತ್ಸೆ ಕಂಡವು. ದೇಹ ಸಿಂಗಲ್ಸ್‌ನ ಭಾರವನ್ನು ತಾಳುವುದಿಲ್ಲ ಎಂದಾದಾಗ 2013ರಲ್ಲಿ ಸಿಂಗಲ್ಸ್ ಬಿಟ್ಟು ಡಬಲ್ಸ್ ಮಾತ್ರ ಆಡತೊಡಗಿದರು. 2015ರಲ್ಲಿ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದರು, ಅದೇ ವರ್ಷ ವಿಂಬಲ್ಡನ್ ಗೆದ್ದರು. 2023ರವರೆಗೂ ಆಡಿದರು. ಅವರು ಆಟ ಬಿಡಲಿಲ್ಲ, ಮೈ ತಾಳುವಷ್ಟಕ್ಕೆ ಆಟದ ಭಾರ ಇಳಿಸಿಕೊಂಡರು.

ಖೋ ಖೋ ಹಳ್ಳಿಯ ಆಟ, ಅದರಿಂದೇನು ಸಿಗುತ್ತದೆ ಎನ್ನುವವರಿಗೆ ಇದನ್ನೂ ಹೇಳಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಪ್ರತಿ ಮಗಳೂ ವಿಶ್ವಕಪ್ ಆಡುವುದಿಲ್ಲ, ನಿಜ. ಆದರೆ ಓಡುವ ಮಗಳ ಎಲುಬು, ಹೃದಯ, ಧೈರ್ಯ ಮೂರೂ ಗಟ್ಟಿಯಾಗುತ್ತವೆ. ಹದಿಹರೆಯದಲ್ಲಿ ಕಟ್ಟಿಕೊಂಡ ಎಲುಬಿನ ಬಲವೇ ಐವತ್ತು ದಾಟಿದ ಮೇಲೆ ಹೆಣ್ಣನ್ನು ಕಾಯುವುದು.

ಮಗನ ಕಾಲು ನೋವಾದರೆ "ಹದಿನೈದು ದಿನ ಆಡಬೇಡ" ಎನ್ನುತ್ತೇವೆ. ಮಗಳ ಕಾಲು ನೋವಾದರೆ "ಇನ್ನು ಆಡಬೇಡ" ಎನ್ನುತ್ತೇವೆ. ಹುಡುಗ ಆರು ತಿಂಗಳ ನಂತರ ಮೈದಾನಕ್ಕೆ ಮರಳುತ್ತಾನೆ. ಹುಡುಗಿ ಹದಿಮೂರಕ್ಕೆ ಬಿಟ್ಟರೆ ಹದಿನಾಲ್ಕಕ್ಕೆ ಮರಳುವ ದಾರಿ ಮುಚ್ಚಿರುತ್ತದೆ. ಇದು ಅವಳಿಗೂ ಗೊತ್ತು. ಅದಕ್ಕೇ ಅವಳು ಹಲ್ಲುಕಚ್ಚಿ ಸುಮ್ಮನಿರುತ್ತಾಳೆ. ಇಂದು ಮೊಣಕಾಲು ನೋವನ್ನು ಮುಚ್ಚಿಡಲು ಕಲಿತ ಮಗಳು ನಾಳೆ ಎದೆಯ ಗಂಟನ್ನೂ ಗರ್ಭಕೋಶದ ತೊಂದರೆಯನ್ನೂ ಮುಚ್ಚಿಡುತ್ತಾಳೆ. ನಮ್ಮಲ್ಲಿ ಎಷ್ಟೋ ಮಹಿಳೆಯರು ಕಾಯಿಲೆ ಮಿತಿಮೀರಿದ ಮೇಲೆಯೇ ಆಸ್ಪತ್ರೆ ಮೆಟ್ಟಿಲು ಹತ್ತುವುದರ ಬೇರು ಇಂಥಲ್ಲೇ ಇರಬಹುದು.

ಆದ್ದರಿಂದ ಈ ವಾರ ಮಾಡಬೇಕಾದ ಕೆಲಸಗಳು ನಾಲ್ಕು. ಮಗಳನ್ನು ವೈದ್ಯರಿಗೆ ತೋರಿಸಿ. ಮನೆಯ ಹಿರಿಯರ ಮುಂದೆಯೇ ಅವಳಿಗೆ, "ನೋವಿದ್ದರೆ ಹೇಳು, ಹೇಳಿದ್ದಕ್ಕೆ ಆಟ ಬಿಡಿಸುವುದಿಲ್ಲ, ಬಿಡುವು ಕೊಡುತ್ತೇವೆ ಅಷ್ಟೇ" ಎಂದು ಮಾತು ಕೊಡಿ. ದೈಹಿಕ ಶಿಕ್ಷಕರಿಗೆ ವೈದ್ಯರ ಚೀಟಿ ತೋರಿಸಿ, ನಾಲ್ಕು ವಾರ ಓಟ-ಜಿಗಿತ ಬೇಡ, ತಂಡದಿಂದ ಹೆಸರು ತೆಗೆಯುವುದೂ ಬೇಡ ಎಂದು ಕೇಳಿಕೊಳ್ಳಿ. ಒಳ್ಳೆಯ ಆಟಗಾರ್ತಿಯನ್ನು ಕಳೆದುಕೊಳ್ಳಲು ಯಾವ ಶಿಕ್ಷಕರೂ ಬಯಸುವುದಿಲ್ಲ. ನಾಲ್ಕನೆಯದು, ಇಂದು ರಾತ್ರಿಯ ಪಾತ್ರೆಗಳನ್ನು ತೊಳೆಯಲು ಅವಳ ಅಣ್ಣನನ್ನು ಕರೆಯಿರಿ.